ಎರಡು ಅಪ್ಪಣೆ, ಎರಡೇ ಕೈ



ಒಬ್ಬ ಆಳು ಇಬ್ಬರು ಒಡೆಯರಿಗೆ ಏಕಕಾಲದಲ್ಲಿ ದುಡಿಯಲಾರ ಎಂಬ ಅರ್ಥದ ಮಾತನ್ನು ಪ್ರಭು ಯೇಸುಕ್ರಿಸ್ತರು ಆಡಿದರು. ಈ ಶುಭಸಂದೇಶ ಭಾಗವನ್ನು ಪೂಜೆಯಲ್ಲಿ ಓದಿದ ದಿನ, ಅಂಗಡಿ ಮಳಿಗೆಗಳಲ್ಲಿ ದುಡಿಯುವ ನಮ್ಮ ಯುವಜನರಲ್ಲಿ ಭಾನುವಾರದ ರಜೆ ಸಿಕ್ಕಿ ಬಂದಿರುವ ಕೆಲವರ ಮುಖದಲ್ಲಿ ಸಣ್ಣ ನಗೆಯೊಂದು ಮೂಡುವುದುಂಟು. "ಇಬ್ಬರೇ ಆಗಿದ್ದರೆ ಹೇಗೋ ಸಂಭಾಳಿಸ್ತಿದ್ವಿ ಫಾದರ್, ನಮಗೆ ಮೂವರಿದ್ದಾರೆ" ಎಂದು ಅವರು ಹೇಳುತ್ತಾರೆ. ಪ್ರಭು ಅಲ್ಲಿ ಮಾತಾಡಿದ್ದು ದೇವರು ಮತ್ತು ಹಣದ ಬಗ್ಗೆ, ಸ್ಟೋರ್ ಮ್ಯಾನೇಜರ್ ಮತ್ತು ಏರಿಯಾ ಮ್ಯಾನೇಜರ್ ಬಗ್ಗೆ ಅಲ್ಲ. ಆದರೂ ಆ ನಗೆಯ ಹಿಂದೆ ನಿಜವಾದ ನೈತಿಕ ಪ್ರಶ್ನೆಯೊಂದಿದೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳು ಇಂದು ಇಂಥ ಸಂಬಳದಿಂದಲೇ ನಡೆಯುತ್ತಿವೆ. ಆದ್ದರಿಂದ ಈ ವಾರ ಅದನ್ನೇ ಒಟ್ಟಿಗೆ ಕುಳಿತು ಯೋಚಿಸೋಣ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಬೆಂಗಳೂರಿನ ಒಂದು ಬಡಾವಣೆಯ ಸೂಪರ್ ಮಾರ್ಕೆಟ್. ಶನಿವಾರ ಸಂಜೆ ಐವರು ಇರಬೇಕಾದಲ್ಲಿ ಇಬ್ಬರಿದ್ದಾರೆ. ಒಬ್ಬರಿಗೆ ಜ್ವರ, ಇನ್ನಿಬ್ಬರು ಕೆಲಸ ಬಿಟ್ಟು ಹೋದ ಮೇಲೆ ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತ ಹೆಣ್ಣುಮಗಳಿಗೆ ಸ್ಟೋರ್ ಮ್ಯಾನೇಜರ್, "ಕೌಂಟರ್ ಬಿಟ್ಟು ಏಳಕೂಡದು, ಸಾಲು ಬೆಳೆಯಬಾರದು" ಎಂದು ಹೇಳಿ ಹೋಗಿದ್ದಾರೆ. ಅಷ್ಟರಲ್ಲಿ ಏರಿಯಾ ಮ್ಯಾನೇಜರ್ ಫೋನ್ ಮಾಡಿ, ಹೊಸ ಆಫರಿನ ರ‍್ಯಾಕ್ ಜೋಡಿಸಿ ಏಳು ಗಂಟೆಯೊಳಗೆ ಅದರ ಫೋಟೋ ವಾಟ್ಸಾಪ್ ಗುಂಪಿಗೆ ಬರಬೇಕು ಎನ್ನುತ್ತಾರೆ. ಹಿಂಬಾಗಿಲಲ್ಲಿ ಹಾಲು ಮೊಸರಿನ ಲೋಡ್ ಬಂದು ನಿಂತಿದೆ. ಅದು ಬೇಗ ಫ್ರಿಜ್ ಸೇರಬೇಕು. ರಾತ್ರಿ ಬಾಗಿಲು ಹಾಕುವ ಮುನ್ನ, ಎಲ್ಲ ರ‍್ಯಾಕುಗಳ ದಿನಾಂಕ ನೋಡಿ ಅವಧಿ ಮುಗಿದ ಮಾಲು ತೆಗೆದಿದ್ದೇನೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು.

ಒಂದು ಅಪ್ಪಣೆ ಪಾಲಿಸಿದರೆ ಇನ್ನೊಂದನ್ನು ಮುರಿದಂತೆ. ಎದ್ದರೆ ಒಬ್ಬರ ಬೈಗುಳ, ಕುಳಿತರೆ ಇನ್ನೊಬ್ಬರದು. ಅತ್ತ ದರಿ, ಇತ್ತ ಪುಲಿ. ಕೊನೆಗೆ ರಾತ್ರಿ ಒಂಬತ್ತೂವರೆಗೆ, ಕಾಲು ಸೋತು, ಬಸ್ಸು ತಪ್ಪುವ ಹೊತ್ತಿಗೆ, ಆ ಮಗಳು ಒಂದು ರ‍್ಯಾಕನ್ನೂ ನೋಡದೆ ರಿಜಿಸ್ಟರಿಗೆ ಸಹಿ ಹಾಕಿಬಿಡುತ್ತಾಳೆ. ಮನೆಗೆ ಬಂದು ಹಾಸಿಗೆಯಲ್ಲಿ ಮಲಗಿದಾಗ ಅವಳ ಮನಸ್ಸನ್ನು ಚುಚ್ಚುವುದು ಯಾವುದು? ಅವಳು ಮಾಡದೆ ಬಿಟ್ಟ ಕೆಲಸಗಳಲ್ಲಿ ಯಾವುದಕ್ಕೆ ಅವಳು ದೇವರ ಮುಂದೆ ಉತ್ತರ ಕೊಡಬೇಕು, ಯಾವುದಕ್ಕೆ ಬೇಡ?

ಆಗದ ಕೆಲಸಕ್ಕೆ ಹೊಣೆಯಿಲ್ಲ

ಮೊದಲು ಒಂದು ಭಾರವನ್ನು ಇಳಿಸೋಣ. ಅಸಾಧ್ಯವಾದುದಕ್ಕೆ ಯಾರೂ ಕಟ್ಟುಬಿದ್ದಿಲ್ಲ ಎಂಬುದು ರೋಮನ್ ನ್ಯಾಯಶಾಸ್ತ್ರದ ಕಾಲದಿಂದ ಬಂದ ತತ್ವ. ಧರ್ಮಸಭೆಯ ನೀತಿಬೋಧಕರೂ ಅದನ್ನು ಒಪ್ಪಿಕೊಂಡಿದ್ದಾರೆ. ದೇವರು ಮನುಷ್ಯನಿಗೆ ಕೊಟ್ಟಿರುವುದು ಎರಡು ಕೈ. ಒಂದೇ ಗಳಿಗೆಯಲ್ಲಿ ಕೌಂಟರಿನಲ್ಲೂ ಗೋಡೌನಿನಲ್ಲೂ ಇರಬೇಕೆಂದು ಅವರು ಯಾರಿಂದಲೂ ಕೇಳುವುದಿಲ್ಲ. ಆದ್ದರಿಂದ ಆ ಸಂಜೆ ಆಫರಿನ ರ‍್ಯಾಕ್ ಜೋಡಣೆಯಾಗದಿದ್ದರೆ ಅದು ಆ ಮಗಳ ಪಾಪವಲ್ಲ. ಸಾಲು ಉದ್ದವಾದರೆ ಅದೂ ಪಾಪವಲ್ಲ. ಬೈಗುಳ ಬಿದ್ದ ಮಾತ್ರಕ್ಕೆ ತಪ್ಪು ನಡೆದಿದೆ ಎಂದು ಅರ್ಥವಲ್ಲ.

ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ನಮ್ಮ ಒಳ್ಳೆಯ ಮಕ್ಕಳು ಇಲ್ಲಿಯೇ ಎಡವುತ್ತಾರೆ. ದೊಡ್ಡವರ ಮಾತು ಮೀರಬಾರದು ಎಂದು ನಾವೇ ಧರ್ಮೋಪದೇಶದ ತರಗತಿಯಲ್ಲಿ ಕಲಿಸಿದ್ದೇವೆ. ಆ ಪಾಠವನ್ನು ಮನಸ್ಸಿಗೆ ತೆಗೆದುಕೊಂಡವರು, ಮೇಲಿನವರ ಕೋಪವನ್ನೂ ದೇವರ ಕೋಪವನ್ನೂ ಒಂದೇ ಎಂದು ಭಾವಿಸಿ ನವೆಯುತ್ತಾರೆ. ಸೋಮಾರಿಗೆ ಈ ನೋವಿಲ್ಲ. "ಜನ ಕಡಿಮೆ" ಎಂಬ ನೆಪದಲ್ಲಿ ಗೋಡೌನಿನ ಹಿಂದೆ ಫೋನ್ ನೋಡುತ್ತ ಕೂರುವವರೂ ಇದ್ದಾರೆ. ಈ ಮಾತು ಅವರಿಗಲ್ಲ. ಕೈಲಾದಷ್ಟನ್ನು ನಿಜವಾಗಿ ಮಾಡಿದವರಿಗೆ ಮಾತ್ರ ಈ ಸಮಾಧಾನ ಸಲ್ಲುತ್ತದೆ.

'ಮಾಡು' ಮತ್ತು 'ಮಾಡಬೇಡ'

ಹಾಗಾದರೆ ಆ ರಿಜಿಸ್ಟರಿನ ಸಹಿ? ಅದೂ ಆಗದ ಕೆಲಸಗಳ ಪಟ್ಟಿಗೇ ಸೇರುತ್ತದೆಯೇ? ಇಲ್ಲ. ಏಕೆ ಇಲ್ಲ ಎಂಬುದನ್ನು ತಿಳಿಯಲು ನೀತಿಶಾಸ್ತ್ರದ ಒಂದು ಹಳೆಯ, ಸರಳವಾದ ಭೇದ ನೆರವಾಗುತ್ತದೆ.

ಕಟ್ಟಳೆಗಳಲ್ಲಿ ಎರಡು ಬಗೆ: 'ಇದನ್ನು ಮಾಡು' ಎನ್ನುವವು, 'ಇದನ್ನು ಮಾಡಬೇಡ' ಎನ್ನುವವು. ಮಾಡು ಎನ್ನುವ ಕಟ್ಟಳೆಗಳು ಎಂದಿಗೂ ನಮ್ಮ ಮೇಲಿರುತ್ತವೆ, ಆದರೆ ಪ್ರತಿ ಗಳಿಗೆಯಲ್ಲೂ ಅಲ್ಲ. ತಂದೆತಾಯಿಯನ್ನು ನೋಡಿಕೋ ಎಂಬುದು ದೇವರ ಆಜ್ಞೆಯೇ; ಆದರೂ ಮಗ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಆಜ್ಞೆ ಮುರಿದನೆಂದು ಯಾರೂ ಹೇಳುವುದಿಲ್ಲ. ಇಂಥ ಕಟ್ಟಳೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಹುದು, ಏಕೆಂದರೆ ಒಳ್ಳೆಯ ಕೆಲಸಗಳು ಹಲವು, ಸಮಯ ಒಂದೇ. ಮಾಡಬೇಡ ಎನ್ನುವ ಕಟ್ಟಳೆಗಳು ಹಾಗಲ್ಲ. ಸುಳ್ಳು ಹೇಳಬೇಡ, ಕದಿಯಬೇಡ, ಕೊಲ್ಲಬೇಡ - ಈ ಮೂರನ್ನೂ ಒಂದೇ ಗಳಿಗೆಯಲ್ಲಿ ಪಾಲಿಸಬಹುದು. ಅದಕ್ಕೆ ಮೂರನೆಯ ಕೈ ಬೇಕಿಲ್ಲ, ಹೆಚ್ಚಿನ ಜನವೂ ಬೇಕಿಲ್ಲ. ಸಂತ ಎರಡನೆಯ ಜಾನ್ ಪೌಲರು 1993ರ ತಮ್ಮ ವಿಶ್ವಪರಿಪತ್ರದಲ್ಲಿ ಈ ಭೇದವನ್ನು ಮತ್ತೆ ಎತ್ತಿ ಹೇಳಿದರು: ಕೆಲವು ನಿಷೇಧಗಳು ಎಲ್ಲರನ್ನೂ, ಎಲ್ಲ ಸಂದರ್ಭದಲ್ಲೂ ಕಟ್ಟಿಹಾಕುತ್ತವೆ.

ಈಗ ಆ ಅಂಗಡಿಗೆ ಈ ಅಳತೆಗೋಲನ್ನು ಹಿಡಿಯೋಣ. ಕೌಂಟರ್ ನೋಡು, ರ‍್ಯಾಕ್ ಜೋಡಿಸು, ಲೋಡ್ ಇಳಿಸು - ಇವೆಲ್ಲ 'ಮಾಡು'ಗಳು. ಇಬ್ಬರಿದ್ದಾಗ ಇವು ಡಿಕ್ಕಿ ಹೊಡೆದೇ ಹೊಡೆಯುತ್ತವೆ, ಒಂದನ್ನು ಬಿಡಲೇಬೇಕು. ಆದರೆ ನೋಡದೆ ಸಹಿ ಹಾಕಬೇಡ, ಅವಧಿ ಮುಗಿದದ್ದನ್ನು ತಿಳಿದೂ ಮಾರಬೇಡ, ನಿನ್ನ ತಪ್ಪನ್ನು ಹೊಸದಾಗಿ ಸೇರಿದ ಹುಡುಗನ ತಲೆಗೆ ಕಟ್ಟಬೇಡ - ಇವು 'ಮಾಡಬೇಡ'ಗಳು. ಐವರಿದ್ದರೂ, ಇಬ್ಬರಿದ್ದರೂ, ಒಬ್ಬರೇ ಇದ್ದರೂ ಇವನ್ನು ಪಾಲಿಸಬಹುದು. ಜನ ಕಡಿಮೆ ಎಂಬ ಕಾರಣ ಮೊದಲ ಪಟ್ಟಿಗೆ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ.

ಯಾವುದು ಮೊದಲು?

'ಮಾಡು'ಗಳು ಡಿಕ್ಕಿ ಹೊಡೆದಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಜೋರಾಗಿ ಕೂಗಿದವರ ಕೆಲಸ ಮೊದಲು ಎಂಬುದು ಲೋಕದ ರೂಢಿ. ಮನಸ್ಸಾಕ್ಷಿ ಇಡುವ ಕ್ರಮ ಬೇರೆ.

ಮೊದಲನೆಯದು ಜೀವ ಮತ್ತು ಆರೋಗ್ಯ. ಕೆಡುವ ಹಾಲು, ನೆಲದ ಮೇಲೆ ಚೆಲ್ಲಿದ ಎಣ್ಣೆ, ತಲೆಸುತ್ತು ಬಂದ ಸಹೋದ್ಯೋಗಿ - ಇವು ಕಾಯಲಾರವು. ಎರಡನೆಯದು ನ್ಯಾಯ: ಸರಿಯಾದ ತೂಕ, ರ‍್ಯಾಕಿನಲ್ಲಿ ಬರೆದ ಬೆಲೆಯೇ ಬಿಲ್ಲಿನಲ್ಲಿ ಬರುವುದು, ಸರಿಯಾದ ಚಿಲ್ಲರೆ. ಗಿರಾಕಿಗೆ ಇವು ಸಲ್ಲಬೇಕಾದ ಋಣ. ಮೂರನೆಯದು ಮೇಲಧಿಕಾರಿಗಳ ಅಪ್ಪಣೆ. ಅಂದ, ಫೋಟೋ, ಟಾರ್ಗೆಟ್ಟು ಇವು ಕೊನೆಯವು. ದಿನಾಂಕ ನೋಡುವುದು ಮೊದಲ ಸಾಲಿನ ಕೆಲಸ ಎಂಬುದನ್ನು ಗಮನಿಸಿ. 2006ರ ಆಹಾರ ಸುರಕ್ಷತಾ ಕಾಯ್ದೆಯೂ ಅವಧಿ ಮುಗಿದ ಆಹಾರ ಮಾರಿದರೆ ಮಾರಿದವರನ್ನೇ ಹೊಣೆ ಮಾಡಿದೆ. ಕೂಸಿನ ಆಹಾರದ ಡಬ್ಬಿಯೊಂದು ಹಳಸಿ ಒಂದು ಮನೆ ಸೇರಿದರೆ, ಆಫರಿನ ರ‍್ಯಾಕ್ ಎಷ್ಟು ಅಂದವಾಗಿತ್ತು ಎಂದು ಆ ತಾಯಿ ಕೇಳುವುದಿಲ್ಲ.

ಇಬ್ಬರು ಅಧಿಕಾರಿಗಳು ಎರಡು ಹೇಳಿದಾಗ? ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದರು: ಅಧೀನನು ಮೇಲಿನವನ ಎಲ್ಲ ಮಾತಿಗೂ ವಿಧೇಯನಾಗಬೇಕೆ? ಇಲ್ಲ ಎಂಬುದು ಅವರ ಉತ್ತರ. ಅದಕ್ಕೆ ಎರಡು ಕಾರಣ ಕೊಡುತ್ತಾರೆ. ಒಂದು, ಕೆಳಗಿನ ಅಧಿಕಾರಿಯ ಅಪ್ಪಣೆ ಅವನಿಗಿಂತ ಮೇಲಿನವನ ಅಪ್ಪಣೆಗೆ ವಿರುದ್ಧವಾಗಿದ್ದರೆ ಮೇಲಿನದೇ ನಿಲ್ಲುತ್ತದೆ; ಎಲ್ಲರಿಗೂ ಮೇಲೆ ದೇವರಿದ್ದಾರೆ. ಎರಡು, ತನ್ನ ಅಧಿಕಾರಕ್ಕೆ ಒಳಪಡದ ವಿಷಯದಲ್ಲಿ ಅಪ್ಪಣೆ ಕೊಟ್ಟರೆ ಅದು ಕಟ್ಟುವುದಿಲ್ಲ. ದೇಹದ ಸಹಜ ಅಗತ್ಯಗಳನ್ನು ಅವರು ಈ ಎರಡನೆಯ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಮನುಷ್ಯರೆಲ್ಲರೂ ಸಮಾನರು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಅಧೀನನಲ್ಲ.

ಈ ಮಾತು ನಮ್ಮ ಅಂಗಡಿಗಳಿಗೆ ಎಷ್ಟು ಹತ್ತಿರ ನೋಡಿ. ಊಟ, ನೀರು, ಶೌಚಾಲಯ, ದಣಿದಾಗ ಕೂರುವುದು - ಇವಕ್ಕೆ ಅನುಮತಿ ಬೇಡುವ ಸ್ಥಿತಿ ಬರಬಾರದು. ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ಅಂಗಡಿಗಳ ಹೆಣ್ಣುಮಕ್ಕಳು ಪಿ. ವಿಜಿ ಅವರ ಮುಂದಾಳ್ತನದಲ್ಲಿ ಕೇಳಿದ್ದು ಇಷ್ಟನ್ನೇ: ಶೌಚಾಲಯ ಮತ್ತು ಕೂರಲು ಒಂದು ಆಸನ. ದಿನವಿಡೀ ಸೀರೆ ಬಿಚ್ಚಿ ತೋರಿಸುವವರಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವಂತಿರಲಿಲ್ಲ. ಅವರ ಹೋರಾಟದ ಫಲವಾಗಿ 2018ರಲ್ಲಿ ಕೇರಳವೂ, ಆಮೇಲೆ 2021ರಲ್ಲಿ ತಮಿಳುನಾಡೂ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆದವು. ಒಬ್ಬ ಮನುಷ್ಯ ಕುಳಿತುಕೊಳ್ಳಬಹುದು ಎಂದು ಕಾನೂನಿನಲ್ಲಿ ಬರೆಯಬೇಕಾಯಿತು! ಇದರಲ್ಲಿ ಸಂತೋಷವೂ ಇದೆ, ನಾಚಿಕೆಯೂ ಇದೆ.

ಹೇಳುವುದೂ ಕರ್ತವ್ಯ

ಕೈಲಾಗದ ಕೆಲಸಕ್ಕೆ ಹೊಣೆಯಿಲ್ಲ ಎಂದೆವು. ಆದರೆ ಅದರ ಜೊತೆಗೇ ಒಂದು ಹೊಸ ಕರ್ತವ್ಯ ಹುಟ್ಟುತ್ತದೆ. ಅದು ಕೈಲಾಗುವುದಿಲ್ಲವೆಂದು ಹೇಳುವ ಕರ್ತವ್ಯ. ನನ್ನ ಅನಿಸಿಕೆಯಲ್ಲಿ ಈ ಇಡೀ ವಿಷಯದ ತಿರುಳು ಇಲ್ಲಿದೆ.

ಎರಡು ಅಪ್ಪಣೆ ಬಂದಾಗ ನಮ್ಮಲ್ಲಿ ಹೆಚ್ಚಿನವರು "ಆಯ್ತು ಸಾರ್" ಎಂದು ಇಬ್ಬರಿಗೂ ಹೇಳುತ್ತೇವೆ. ಅದು ವಿನಯದಂತೆ ಕಾಣುತ್ತದೆ. ನಿಜದಲ್ಲಿ ಅದು ಇಬ್ಬರಿಗೂ ಹೇಳಿದ ಸಣ್ಣ ಸುಳ್ಳು. ಅದರ ಬದಲು ದನಿ ಏರಿಸದೆ, ಮುಖ ಗಂಟಿಕ್ಕದೆ, ಮೊದಲೇ ಹೀಗೆ ಹೇಳಬಹುದು: "ಸಾರ್, ಇಬ್ಬರೇ ಇದ್ದೀವಿ. ಕೌಂಟರ್ ಬಿಟ್ರೆ ಸಾಲು ನಿಲ್ಲುತ್ತೆ, ಬಿಡದಿದ್ರೆ ರ‍್ಯಾಕ್ ಆಗಲ್ಲ. ಯಾವುದು ಮೊದಲು ಅಂತ ನೀವೇ ಹೇಳಿ, ಅದನ್ನ ಮಾಡ್ತೀನಿ." ಈ ಮಾತಿನಲ್ಲಿ ಅವಿಧೇಯತೆ ಇಲ್ಲ. ಆಯ್ಕೆ ಮಾಡುವ ಅಧಿಕಾರ ಯಾರದೋ ಅವರಿಗೇ ಆಯ್ಕೆಯನ್ನು ಮರಳಿಸಿದ್ದೀರಿ. ಏರಿಯಾ ಮ್ಯಾನೇಜರ್ ಹೀಗೆ ಹೇಳಿದ್ದಾರೆ ಎಂದು ಸ್ಟೋರ್ ಮ್ಯಾನೇಜರಿಗೆ ತಿಳಿಸಿ, ಅವರಿಬ್ಬರೂ ಮಾತಾಡಿಕೊಳ್ಳಲಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗಬೇಕಿಲ್ಲ. ಬಾಯಿಮಾತು ಮರೆತುಹೋಗುವಂತಿದ್ದರೆ ಅದನ್ನೇ ಎರಡು ಸಾಲಿನ ಸಂದೇಶವಾಗಿ ಕಳಿಸಿಡಿ.

ಇನ್ನು ಆ ರಿಜಿಸ್ಟರು. ಎಲ್ಲವನ್ನೂ ನೋಡಿದ್ದೇನೆ ಎಂದು ಸಹಿ ಹಾಕುವ ಬದಲು, "ಹಾಲು ಮತ್ತು ಮಕ್ಕಳ ಆಹಾರದ ರ‍್ಯಾಕ್ ನೋಡಿದೆ. ಉಳಿದದ್ದು ನೋಡಲು ಆಗಲಿಲ್ಲ. ಇಬ್ಬರೇ ಇದ್ದೆವು" ಎಂದು ಬರೆದರೆ ಏನಾಗುತ್ತದೆ? ಬೆಳಿಗ್ಗೆ ಬೈಗುಳ ಬರಬಹುದು. ಆದರೆ ಬೆಳಗಿನ ಪಾಳಿಗೆ ಬರುವವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ. ಗಿರಾಕಿಯ ಮನೆಗೆ ಕೆಟ್ಟ ಮಾಲು ಹೋಗುವುದು ತಪ್ಪುತ್ತದೆ. ಮತ್ತೂ ಒಂದು ಲಾಭವಿದೆ. ದೂರದ ಕಚೇರಿಯಲ್ಲಿ ಕುಳಿತವರು ಅಂಗಡಿಯನ್ನು ನೋಡುವುದು ಕಾಗದದ ಮೂಲಕ. ಐವರ ಕೆಲಸ ಇಬ್ಬರಿಂದ ಆಗಿದೆ ಎಂದು ಪ್ರತಿ ರಾತ್ರಿ ಕಾಗದ ಹೇಳುತ್ತಿದ್ದರೆ, ಇಬ್ಬರೇ ಸಾಕು ಎಂದು ಅವರು ತೀರ್ಮಾನಿಸುವುದರಲ್ಲಿ ಆಶ್ಚರ್ಯವೇನು? ಹೆದರಿ ಹಾಕಿದ ಸುಳ್ಳು ಸಹಿ ನಮ್ಮ ಕುತ್ತಿಗೆಗೆ ನಾವೇ ಕಟ್ಟಿಕೊಂಡ ನೊಗವಾಗುತ್ತದೆ. ಆ ನೊಗ ನಾಳೆ ಬರುವ ಹೊಸಬರ ಕುತ್ತಿಗೆಗೂ ಬೀಳುತ್ತದೆ.

ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಸುಳ್ಳೂ ಬೇಡ, ಜಗಳವೂ ಬೇಡ ಎಂದು ಸಂಬಳವಿಲ್ಲದೆ ರಾತ್ರಿ ಹನ್ನೊಂದರವರೆಗೆ ನಿಂತು ಮುಗಿಸಿ ಬರುತ್ತಾರೆ. ಹಬ್ಬದ ಹಿಂದಿನ ದಿನವೋ, ಸಹೋದ್ಯೋಗಿಯ ಮನೆಯಲ್ಲಿ ಸಾವಾದಾಗಲೋ ಹಾಗೆ ಮಾಡುವುದು ಪ್ರೀತಿ, ಅದಕ್ಕೆ ಪ್ರತಿಫಲವಿದೆ. ಆದರೆ ಅದೇ ದಿನನಿತ್ಯದ ಪದ್ಧತಿಯಾದರೆ? ಆಗ ಅದು ಅನ್ಯಾಯವನ್ನು ಮುಚ್ಚುವ ಪರದೆಯಾಗುತ್ತದೆ. ಆ ಎರಡು ಗಂಟೆ ನಿಮ್ಮೊಬ್ಬರದಲ್ಲ; ನಿಮ್ಮನ್ನು ಕಾಯುತ್ತ ಊಟ ಮಾಡದೆ ಕುಳಿತ ಮಕ್ಕಳದ್ದು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತು. ಹೆಚ್ಚಿನ ದುಡಿಮೆಗೆ ಎರಡರಷ್ಟು ಕೂಲಿ, 5 ಗಂಟೆಯ ದುಡಿಮೆಯಾದ ಮೇಲೆ ಒಂದು ಗಂಟೆ ಬಿಡುವು ಎಂದೂ ಬರೆಯಿತು. ಮನುಷ್ಯನ ಶಕ್ತಿಗೆ ಒಂದು ಮಿತಿ ಇದೆ ಎಂಬ ತಿಳಿವಳಿಕೆಯಿಂದಲೇ ಇಂಥ ಕಾನೂನುಗಳು ಹುಟ್ಟಿದವು.

ಕೆಲಸ ಹೋದರೆ?

"ಫಾದರ್, ಹೇಳುವುದು ಸುಲಭ. ಬಾಡಿಗೆ ನೀವು ಕಟ್ಟುತ್ತೀರಾ?" ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇಪ್ಪತ್ತೆರಡು ವರ್ಷದ ಮಗಳ ಸಂಬಳದಲ್ಲಿ ತಮ್ಮನ ಕಾಲೇಜು ಫೀಸೂ ಅಪ್ಪನ ಔಷಧಿಯೂ ನಡೆಯುತ್ತಿದ್ದರೆ, "ಸತ್ಯ ಹೇಳು, ಬಂದದ್ದು ಬರಲಿ" ಎಂದು ಬಲಿಪೀಠದ ಬಳಿ ನಿಂತು ಹೇಳುವುದಷ್ಟೇ ಸಾಲದು.

ಆದ್ದರಿಂದ ಮೂರು ಮಾತು. ಮೊದಲನೆಯದು, ಭಯ ಮತ್ತು ಬಲವಂತ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು ಎಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಕಲಿಸುತ್ತದೆ. ಹೆದರಿ ಸಹಿ ಹಾಕಿದವಳ ತಪ್ಪೂ ಲಾಭಕ್ಕಾಗಿ ಹಾಕಿಸಿದವರ ತಪ್ಪೂ ಒಂದೇ ತೂಕದವಲ್ಲ. ಪಾಪನಿವೇದನೆಗೆ ಬರುವಾಗ ಹೆದರಬೇಡಿ. ಆದರೆ ಹೊಣೆ ಕಡಿಮೆಯಾಗುವುದು ಬೇರೆ, ಸುಳ್ಳು ಸತ್ಯವಾಗುವುದು ಬೇರೆ. ಕೆಟ್ಟ ಮಾಲು ಭಯದ ಲೆಕ್ಕ ನೋಡಿ ಒಳ್ಳೆಯದಾಗುವುದಿಲ್ಲ.

ಎರಡನೆಯದು, ಒಬ್ಬರೇ ಹೇಳಬೇಡಿ. ಒಬ್ಬರು ಹೇಳಿದರೆ ದೂರು, ನಾಲ್ವರು ಸೇರಿ ಹೇಳಿದರೆ ವಿಷಯ. 1925ರಲ್ಲಿ ಬೆಲ್ಜಿಯಮ್ಮಿನ ಪಾದ್ರಿ ಜೋಸೆಫ್ ಕಾರ್ಡೈನ್ ಯುವ ಕ್ರೈಸ್ತ ಕಾರ್ಮಿಕರ ಸಂಘವನ್ನು ಕಟ್ಟಿದ್ದು ಇಂಥ ಯುವಜನರಿಗಾಗಿಯೇ. ನೋಡು, ವಿವೇಚಿಸು, ಕಾರ್ಯಮಾಡು ಎಂಬ ಮೂರು ಹೆಜ್ಜೆಯ ಅವರ ಪದ್ಧತಿ ನಮ್ಮ ಯುವಸಂಘಗಳಿಗೆ ಹೊಸದಲ್ಲ. ಅಂಗಡಿಗಳಲ್ಲಿ ದುಡಿಯುವವರು ತಿಂಗಳಿಗೊಮ್ಮೆ ಚರ್ಚಿನ ಆವರಣದಲ್ಲಿ ಒಂದು ಗಂಟೆ ಕೂಡಿ ಕುಳಿತರೆ, "ಇದು ನನಗೊಬ್ಬಳಿಗೇ ಅಲ್ಲ" ಎಂದು ತಿಳಿಯುವುದರಲ್ಲೇ ಅರ್ಧ ಬಲ ಬರುತ್ತದೆ.

ಮೂರನೆಯದು ಧರ್ಮಕೇಂದ್ರಕ್ಕೆ. ಸತ್ಯ ಹೇಳಿ ಕೆಲಸ ಕಳೆದುಕೊಂಡ ಮಗಳು ನಮ್ಮಲ್ಲಿದ್ದರೆ, ಹೊಸ ಕೆಲಸ ಸಿಗುವವರೆಗೆ ಆ ಮನೆಯ ಅಕ್ಕಿ ಬಾಡಿಗೆಯ ಚಿಂತೆ ನಮ್ಮದೂ ಆಗಬೇಕು. ಸಂತ ವಿನ್ಸೆಂಟ್ ದೆ ಪೌಲ್ ಸಭೆಯಂಥ ಸಂಘಗಳು ಇರುವುದು ಮತ್ತೇತಕ್ಕೆ? ಬೆನ್ನಿಗೆ ನಿಲ್ಲದೆ ಧೈರ್ಯ ಬೋಧಿಸುವ ಹಕ್ಕು ನಮಗಿಲ್ಲ.

ಹುಲ್ಲಿಲ್ಲದೆ ಇಟ್ಟಿಗೆ

ಈಗ ಅಪ್ಪಣೆ ಕೊಡುವ ಸ್ಥಾನದಲ್ಲಿರುವ ಓದುಗರಿಗೆ ಒಂದು ಮಾತು. ವಿಮೋಚನಾಕಾಂಡದ ಐದನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ. ಇಸ್ರಯೇಲರು ಇಟ್ಟಿಗೆ ಮಾಡಲು ಬೇಕಾದ ಹುಲ್ಲನ್ನು ಇನ್ನು ಮುಂದೆ ಕೊಡಬೇಡಿ, ಅವರೇ ಹುಡುಕಿಕೊಳ್ಳಲಿ, ಆದರೆ ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು ಎಂದು ಫರೋಹನು ಅಪ್ಪಣೆ ಮಾಡುತ್ತಾನೆ. ಸಾಧನ ಕಿತ್ತುಕೊಂಡು ಲೆಕ್ಕವನ್ನು ಮಾತ್ರ ಹಾಗೆಯೇ ಉಳಿಸುವುದು - ಅಂಗಡಿಯಲ್ಲಿ ಜನ ಕಡಿಮೆ ಮಾಡಿ ಟಾರ್ಗೆಟ್ಟನ್ನು ಹಾಗೆಯೇ ಇಡುವುದಕ್ಕೂ ಇದಕ್ಕೂ ಎಷ್ಟು ಅಂತರ?

ಆ ಕಥೆಯಲ್ಲಿ ನಮ್ಮ ಕಣ್ಣಿಗೆ ಬೀಳದ ಒಂದು ಗುಂಪಿದೆ. ಅವರು ಇಸ್ರಯೇಲರಲ್ಲೇ ಆರಿಸಿದ ಮೇಸ್ತ್ರಿಗಳು. ಮೇಲೆ ಫರೋಹನ ಅಧಿಕಾರಿಗಳು, ಕೆಳಗೆ ತಮ್ಮದೇ ಜನ. ಇಟ್ಟಿಗೆಯ ಲೆಕ್ಕ ತಪ್ಪಿದಾಗ ಪೆಟ್ಟು ತಿಂದವರು ಅವರು. ಇಂದಿನ ಫ್ಲೋರ್ ಮ್ಯಾನೇಜರ್, ಸ್ಟೋರ್ ಮ್ಯಾನೇಜರುಗಳೂ ಬಹುಪಾಲು ಇದೇ ಸ್ಥಿತಿಯವರು. ಅವರೂ ಯಾರದೋ ಮನೆಯ ಮಕ್ಕಳು. ಆ ಮೇಸ್ತ್ರಿಗಳು ತಮ್ಮ ಜನರನ್ನು ಹೊಡೆದು ಲೆಕ್ಕ ಸರಿಮಾಡಲು ಹೋಗಲಿಲ್ಲ. ನೇರವಾಗಿ ಫರೋಹನ ಬಳಿಗೆ ಹೋಗಿ, ಹುಲ್ಲು ಕೊಡದೆ ಇಟ್ಟಿಗೆ ಕೇಳುತ್ತಿದ್ದೀರಿ, ತಪ್ಪು ನಿಮ್ಮವರದು ಎಂದು ಹೇಳಿದರು. ಫರೋಹನು ಅವರನ್ನು ಸೋಮಾರಿಗಳೆಂದು ಜರೆದು ಕಳಿಸಿದ. ಆದರೂ ಹೇಳಬೇಕಾದ ಸತ್ಯವನ್ನು ಹೇಳಬೇಕಾದ ಜಾಗದಲ್ಲಿ ಅವರು ಹೇಳಿದ್ದರು. ನಡುವಿನ ಸ್ಥಾನದಲ್ಲಿರುವವರೇ, ಮೇಲಿನ ಒತ್ತಡವನ್ನು ಹಾಗೆಯೇ ಕೆಳಕ್ಕೆ ದಾಟಿಸುವುದಷ್ಟೇ ನಿಮ್ಮ ಕೆಲಸವಲ್ಲ. ಕೆಳಗಿನ ಸತ್ಯವನ್ನು ಮೇಲಕ್ಕೆ ಮುಟ್ಟಿಸುವುದೂ ನಿಮ್ಮ ಕೆಲಸ.

ಇದಕ್ಕೆ ಎದುರಾದ ಚಿತ್ರ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿದೆ. ಜೆರುಸಲೇಮಿನಲ್ಲಿ ಶಿಷ್ಯರ ಸಂಖ್ಯೆ ಬೆಳೆಯಿತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿದೆ ಎಂದು ದೂರು ಬಂತು. ಹನ್ನೆರಡು ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಬೋಧನೆಯನ್ನೂ ಬಡಿಸುವುದನ್ನೂ ನಾವೇ ಮಾಡುತ್ತೇವೆ ಎಂದೂ ಹೇಳಲಿಲ್ಲ. ಎರಡೂ ನಮ್ಮಿಂದಾಗದು ಎಂದು ಎಲ್ಲರ ಮುಂದೆ ಒಪ್ಪಿಕೊಂಡು ಏಳು ಮಂದಿಯನ್ನು ನೇಮಿಸಿದರು. ಸ್ತೇಫನ ಅವರಲ್ಲೊಬ್ಬ. ಕೆಲಸ ಹೆಚ್ಚಾದಾಗ ಕೈಗಳನ್ನೂ ಹೆಚ್ಚಿಸಬೇಕು ಎಂಬುದು ಧರ್ಮಸಭೆಯ ಮೊದಲ ಆಡಳಿತ ಪಾಠಗಳಲ್ಲಿ ಒಂದು.

ಮಾಲೀಕರಿಗೂ ಕಷ್ಟಗಳಿವೆ. ಬಾಡಿಗೆ ಏರುತ್ತದೆ, ಪೈಪೋಟಿ ಹೆಚ್ಚು, ಕಲಿಸಿದವರು ಬಿಟ್ಟುಹೋಗುತ್ತಾರೆ. ಆದರೂ 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಬಗ್ಗೆ ಬರೆದ ವಿಶ್ವಪರಿಪತ್ರ ಹಾಕಿದ ಗೆರೆ ಇಂದಿಗೂ ಅಳಿಸಿಲ್ಲ: ಮನಸ್ಸು ಮಂಕಾಗಿ ದೇಹ ಸವೆದುಹೋಗುವಷ್ಟು ದುಡಿಸುವುದು ನ್ಯಾಯವೂ ಅಲ್ಲ, ಮಾನವೀಯವೂ ಅಲ್ಲ. 2025ರಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಈ ಹೆಸರನ್ನು ಆರಿಸಿಕೊಳ್ಳಲು ಆ ಪತ್ರವೂ ಒಂದು ಕಾರಣವೆಂದು ತಾವೇ ತಿಳಿಸಿದರು. ಪೂರೈಸಲಾಗದ ಅಪ್ಪಣೆ ಕೊಟ್ಟು, ಪೂರೈಸಿದೆ ಎಂಬ ಸಹಿಯನ್ನು ನಿರೀಕ್ಷಿಸುವವರು ಬಾಯಲ್ಲಿ ಹೇಳದೆಯೇ ಸುಳ್ಳನ್ನು ಆಜ್ಞಾಪಿಸುತ್ತಿದ್ದಾರೆ. ಆ ಸಹಿ ಯಾರ ಕೈಯದಾದರೂ, ಹೊಣೆಯ ದೊಡ್ಡ ಪಾಲು ಅವರದು.

ಸಾಲಿನಲ್ಲಿ ನಿಂತ ನಾವು

ಇಬ್ಬರು ಒಡೆಯರಲ್ಲದೆ ಮೂರನೆಯವರೊಬ್ಬರು ಇದ್ದಾರೆಂದು ಆ ಮಕ್ಕಳು ಹೇಳುತ್ತಾರಲ್ಲ, ಆ ಮೂರನೆಯವರು ಯಾರು? ನೀವು ಮತ್ತು ನಾನು, ಗಿರಾಕಿಗಳು. 1981ರಲ್ಲಿ ಮಾನವ ದುಡಿಮೆಯ ಕುರಿತು ಬರೆದ ವಿಶ್ವಪರಿಪತ್ರದಲ್ಲಿ ಸಂತ ಎರಡನೆಯ ಜಾನ್ ಪೌಲರು 'ಪರೋಕ್ಷ ಮಾಲೀಕ' ಎಂಬ ಕಲ್ಪನೆಯನ್ನು ಮುಂದಿಟ್ಟರು. ಸಂಬಳ ಕೊಡುವವರಲ್ಲದಿದ್ದರೂ ಕೆಲಸಗಾರರ ಸ್ಥಿತಿಯನ್ನು ನಿರ್ಧರಿಸುವ ವ್ಯಕ್ತಿಗಳು, ಸಂಸ್ಥೆಗಳು, ವ್ಯವಸ್ಥೆಗಳು ಅದರಲ್ಲಿ ಸೇರುತ್ತವೆ. ಗಿರಾಕಿಗಳಾದ ನಮ್ಮನ್ನೂ ಆ ಪಟ್ಟಿಗೆ ಸೇರಿಸಿಕೊಂಡರೆ ತಪ್ಪಾಗಲಾರದು.

ಕ್ರಿಸ್ಮಸ್ಸಿನ ಹಿಂದಿನ ದಿನ ಕೇಕಿನ ಸಾಮಾನಿಗೆಂದು ಸಾಲಿನಲ್ಲಿ ನಿಂತಾಗ, ಐದು ಕೌಂಟರಿನಲ್ಲಿ ಒಂದೇ ತೆರೆದಿದ್ದರೆ ನಮ್ಮ ಕೋಪ ಯಾರ ಮೇಲೆ ಹೋಗುತ್ತದೆ? ಉಳಿದ ನಾಲ್ಕಕ್ಕೆ ಜನರನ್ನು ನೇಮಿಸದವರು ಅಲ್ಲಿಲ್ಲ. ಕುಳಿತು ದುಡಿಯುತ್ತಿರುವ ಒಬ್ಬಳೇ ಕಣ್ಣಿಗೆ ಕಾಣುತ್ತಾಳೆ, ಅವಳ ಮೇಲೆ ಹರಿಹಾಯುತ್ತೇವೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ! ದೂರು ಕೊಡಲೇಬೇಕೆಂದಿದ್ದರೆ ಕೊಡಿ, ಆದರೆ ಸರಿಯಾದ ವಿಳಾಸಕ್ಕೆ ಕೊಡಿ: "ನಿಮ್ಮ ಹುಡುಗಿ ಚೆನ್ನಾಗಿ ಕೆಲಸ ಮಾಡುತ್ತಿದ್ದಾಳೆ, ಜನ ಸಾಲದು" ಎಂದು ಮ್ಯಾನೇಜರಿಗೆ ಹೇಳಿ. ಗಿರಾಕಿ ಆಡಿದ ಈ ಒಂದು ವಾಕ್ಯ, ಕೆಲಸಗಾರ್ತಿ ಹತ್ತು ಸಲ ಹೇಳಿದ್ದಕ್ಕಿಂತ ಬೇಗ ಮೇಲಿನವರ ಕಿವಿ ಮುಟ್ಟೀತು.

ಮನೆಯವರಿಗೂ ಒಂದು ಕೋರಿಕೆ. ಇಂಥ ಕೆಲಸದಿಂದ ಬಂದವರು ಬಾಗಿಲಲ್ಲೇ ಸಿಡುಕಿದರೆ, ಆ ಮಾತು ನಿಮಗೆ ಆಡಿದ್ದಲ್ಲ. ದಿನವಿಡೀ ಇನ್ನೊಬ್ಬರಿಗೆ ಆಡಲಾಗದೆ ನುಂಗಿಕೊಂಡದ್ದು. "ಇಷ್ಟು ಹೊತ್ತಾಯ್ತಾ?" ಎಂದು ಕೇಳುವ ಮುಂಚೆ ಒಂದು ಲೋಟ ನೀರು ಕೊಡಿ. ಅಪ್ಪಣೆಗಳ ನಡುವೆ ಸಿಕ್ಕಿ ಬಂದವರಿಗೆ ಮನೆಯಲ್ಲಿ ಮೊದಲು ಸಿಗುವುದು ಮತ್ತೊಂದು ಅಪ್ಪಣೆ ಆಗದಿರಲಿ. ದುಡಿದು ಬಂದವರೂ ಜಪಸರಕ್ಕೆ ಕೂರುವ ಮುನ್ನ ಹತ್ತು ನಿಮಿಷ ಸುಮ್ಮನೆ ಕುಳಿತು, ಅಂಗಡಿಯ ಕೋಪವನ್ನು ಹೊಸ್ತಿಲಾಚೆ ಇಳಿಸಿಬಿಡಲಿ.

ರಾತ್ರಿ ಮಲಗುವ ಮುನ್ನ ಮನಸ್ಸಾಕ್ಷಿಯನ್ನು ಪರೀಕ್ಷಿಸಿಕೊಳ್ಳುವ ಒಳ್ಳೆಯ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಅಂಗಡಿಯಲ್ಲಿ ದುಡಿಯುವ ನನ್ನ ಪ್ರಿಯ ಸಹೋದರ ಸಹೋದರಿಯರೇ, ಆ ಹೊತ್ತಿನಲ್ಲಿ "ಇವತ್ತು ಎಲ್ಲ ಕೆಲಸ ಮುಗಿಯಿತೇ?" ಎಂದು ನಿಮ್ಮನ್ನು ನೀವು ಕೇಳಿಕೊಳ್ಳಬೇಡಿ. ಆ ಲೆಕ್ಕ ಅಂಗಡಿಯದು, ಅದು ಯಾವ ರಾತ್ರಿಯೂ ಮುಗಿಯುವುದಿಲ್ಲ. "ಆದದ್ದನ್ನು ಮನಸ್ಸಿಟ್ಟು ಮಾಡಿದೆನೇ? ಆಗದ್ದನ್ನು ಆಗಲಿಲ್ಲ ಎಂದೇ ಹೇಳಿದೆನೇ?" ಎಂದು ಕೇಳಿಕೊಳ್ಳಿ. ಎರಡಕ್ಕೂ ಹೌದು ಎನ್ನಲು ಸಾಧ್ಯವಾದರೆ, ಉಳಿದ ಕೆಲಸ ನಾಳೆಯವರೆಗೆ ಕಾಯಲಿ. ನೀವು ನೆಮ್ಮದಿಯಿಂದ ನಿದ್ದೆ ಮಾಡಿ.